ಹತ್ತರ ಜೋಡಿ ಆಟ ಆಡುವುದು ಹೇಗೆ? ಮೊದಲ ಗೀಟಿನಿಂದ ಖಾಲಿ ಬೋರ್ಡ್‌ವರೆಗೆ

ಒಂಬತ್ತು ಕಾಲಂಗಳ ತುಂಬ ಅಂಕಿಗಳು. ಒಂದೇ ತರಹದ ಎರಡು ಅಂಕಿ ಸಿಕ್ಕರೆ ಹೊಡೆಯಿರಿ. ಕೂಡಿದರೆ ಹತ್ತಾಗುವ ಎರಡು ಸಿಕ್ಕರೂ ಹೊಡೆಯಿರಿ. ಬೋರ್ಡ್ ಖಾಲಿಯಾದರೆ ಗೆದ್ದಿರಿ. ಆಟ ಇಷ್ಟೇ. ಮೊಬೈಲ್‌ನಲ್ಲಿ ಇದು ನಂಬರ್ ಮ್ಯಾಚ್, ಟೇಕ್ ಟೆನ್, ಟೆನ್ ಪೇರ್, 10 ಸೀಡ್ಸ್ ಹೀಗೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಮೊಬೈಲ್ ಇಲ್ಲದೆಯೂ ಆಡಬಹುದು. ಪೆನ್ನು, ಹಾಳೆ ಇದ್ದರೆ ಸಾಕು.

ಕಣ್ಣಿಗೆ ಬಿದ್ದ ಜೋಡಿಯನ್ನೆಲ್ಲ ಒತ್ತುತ್ತಾ ಹೋಗುವ ಟೈಂಪಾಸ್ ಆಟ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೂ ಆಡಬಹುದು, ತಪ್ಪೇನಿಲ್ಲ. ಆದರೆ ಹಾಗೆ ಆಡಿದರೆ ಬೋರ್ಡ್ ಉದ್ದವಾಗುತ್ತಲೇ ಹೋಗುತ್ತದೆ, ಖಾಲಿಯಾಗುವುದು ಅಪರೂಪ. ಆದ್ದರಿಂದ ಹಾಳೆಯ ಆಟದಿಂದಲೇ ಶುರು ಮಾಡೋಣ. ಹಾಳೆಯಲ್ಲಿ ಸುಳಿವು ಕೊಡುವ ಬಟನ್ ಇರುವುದಿಲ್ಲ, ಕಣ್ಣು ತಾನಾಗಿಯೇ ಪಳಗುತ್ತದೆ.

ಬೋರ್ಡ್ ಬರೆದುಕೊಳ್ಳುವುದು

ಗಣಿತದ ಚೌಕಳಿ ಪುಸ್ತಕದ ಹಾಳೆ ಇದ್ದರೆ ಒಳ್ಳೆಯದು. ಅಡ್ಡಕ್ಕೆ 9 ಮನೆ ಗುರುತು ಮಾಡಿಕೊಳ್ಳಿ. ಈಗ 1ರಿಂದ 19ರವರೆಗೆ ಬರೆಯಿರಿ, 10 ಒಂದನ್ನು ಬಿಟ್ಟು. ಒಂದು ಮನೆಗೆ ಒಂದೇ ಅಂಕಿ. ಅಂದರೆ 11 ಬಂದಾಗ ಎರಡು ಮನೆಯಲ್ಲಿ 1, 1. ಹನ್ನೆರಡಕ್ಕೆ 1, 2. ಸಾಲು ತುಂಬಿದ ಕೂಡಲೇ ಕೆಳಗಿನ ಸಾಲಿಗೆ ಹೋಗಿ. ಹತ್ತನ್ನು ಬಿಡುವುದಕ್ಕೆ ಕಾರಣ ಇದೆ: ಅದರಲ್ಲಿ ಸೊನ್ನೆ ಬರುತ್ತದೆ, ಒಂಟಿ ಸೊನ್ನೆಗೆ ಜೊತೆ ಸಿಗುವುದಿಲ್ಲ.

ಬರೆದು ಮುಗಿದಾಗ ಹಾಳೆ ಹೀಗೆ ಕಾಣಬೇಕು:

1 2 3 4 5 6 7 8 9
1 1 1 2 1 3 1 4 1
5 1 6 1 7 1 8 1 9

ಒಟ್ಟು 27 ಅಂಕಿ, ಮೂರು ಭರ್ತಿ ಸಾಲು. ಪೆನ್ಸಿಲ್‌ನಲ್ಲಿ ಬರೆಯುವುದು ಬೇಡ, ಪೆನ್ನಿನಲ್ಲೇ ಬರೆಯಿರಿ. ಅಂಕಿಯನ್ನು ಅಳಿಸಬೇಡಿ, ಅದರ ಮೇಲೆ ಒಂದು ಓರೆ ಗೀಟು ಎಳೆಯಿರಿ ಸಾಕು. ಎಲ್ಲಾದರೂ ಲೆಕ್ಕ ತಪ್ಪಿದರೆ ಹಿಂದಿರುಗಿ ನೋಡಲು ಅಂಕಿ ಕಾಣುತ್ತಿರಬೇಕು, ಅಲ್ವಾ?

ನಿಯಮಗಳು

ಯಾವ ಎರಡು ಅಂಕಿ ಜೋಡಿಯಾಗುತ್ತವೆ ಅಂತ ಮೊದಲೇ ಹೇಳಿದ್ದೇನೆ: ಎರಡೂ ಒಂದೇ ಆಗಿರಬೇಕು (4 ಮತ್ತು 4), ಇಲ್ಲವೇ ಮೊತ್ತ 10 ಆಗಬೇಕು (3 ಮತ್ತು 7).

ಅವು ಎಲ್ಲಿರಬೇಕು ಅನ್ನುವುದು ಎರಡನೇ ಮಾತು. ಒಂದರ ಪಕ್ಕ ಒಂದು ಇರಬಹುದು, ಒಂದರ ಕೆಳಗೆ ಒಂದು ಇರಬಹುದು. ನಡುವೆ ಈಗಾಗಲೇ ಹೊಡೆದ ಅಂಕಿಗಳು ಎಷ್ಟಿದ್ದರೂ ಪರವಾಗಿಲ್ಲ, ಹೊಡೆಯದ ಒಂದು ಅಂಕಿಯೂ ಅಡ್ಡ ಇರಬಾರದು. ಮೇಲಿನ ಸಾಲಿನ ಕೊನೆಯ ಅಂಕಿ ಮತ್ತು ಕೆಳಗಿನ ಸಾಲಿನ ಮೊದಲ ಅಂಕಿ ಕೂಡ ಅಕ್ಕಪಕ್ಕ ಎಂದೇ ಲೆಕ್ಕ. ಹೊಸಬರು ಮರೆಯುವುದು ಇದನ್ನೇ. ಮೇಲಿನ ಬೋರ್ಡ್‌ನಲ್ಲಿ ಮೊದಲ ಸಾಲಿನ ಕೊನೆಯ 9, ಎರಡನೇ ಸಾಲಿನ ಮೊದಲ 1 ಜೋಡಿಯಾಗುತ್ತವೆ.

ಹೊಡೆಯಲು ಇನ್ನೇನೂ ಇಲ್ಲ ಅನ್ನಿಸಿದಾಗ ಉಳಿದ ಅಂಕಿಗಳನ್ನೆಲ್ಲ ಅದೇ ಕ್ರಮದಲ್ಲಿ ಕೊನೆಯ ಮನೆಯ ಮುಂದಿನಿಂದ ಮತ್ತೆ ಬರೆಯಬೇಕು. ಆಟ ಅಲ್ಲಿಂದ ಮುಂದುವರಿಯುತ್ತದೆ.

ಇದು ಹಾಳೆಯ ಆಟದ ನಿಯಮ. ಮೊಬೈಲ್‌ನಲ್ಲಿ ಓರೆಯಾಗಿಯೂ ಜೋಡಿ ಮಾಡಬಹುದು. ಅದಕ್ಕೆ ಆಮೇಲೆ ಬರೋಣ.

ಒಂಬತ್ತು ಅಂಕಿ ಅಲ್ಲ, ಐದು ಬಳಗ

ಇಡೀ ಆಟದಲ್ಲಿ ಒಂದೇ ಒಂದು ವಿಷಯ ಕಲಿಯುವುದಾದರೆ ಇದನ್ನು ಕಲಿಯಿರಿ. 1ಕ್ಕೆ 1 ಜೋಡಿ, 9ಕ್ಕೆ 9 ಜೋಡಿ, 1ಕ್ಕೆ 9 ಕೂಡ ಜೋಡಿ. ಹಾಗಾದರೆ ಈ ಆಟದ ಮಟ್ಟಿಗೆ 1 ಬೇರೆಯಲ್ಲ, 9 ಬೇರೆಯಲ್ಲ. ಎರಡೂ ಒಂದೇ ಬಳಗ. ಹಾಗೆಯೇ 2 ಮತ್ತು 8 ಒಂದು ಬಳಗ, 3 ಮತ್ತು 7 ಒಂದು, 4 ಮತ್ತು 6 ಒಂದು. 5 ತಾನೇ ಒಂದು ಬಳಗ.

ಒಂದೇ ಬಳಗದ ಯಾವ ಎರಡು ಎದುರಾದರೂ ಹೊಡೆಯಬಹುದು. ಬೇರೆ ಬಳಗದ್ದು ಆಗುವುದಿಲ್ಲ. ‘ಕೂಡಿದರೆ ಹತ್ತಾಗುತ್ತಾ, ಇಲ್ಲ ಒಂದೇ ಇದೆಯಾ’ ಅಂತ ಪ್ರತಿ ಸಲ ಎರಡು ಪ್ರಶ್ನೆ ಕೇಳಿಕೊಳ್ಳುವ ಬದಲು ‘ಒಂದೇ ಬಳಗವಾ’ ಅಂತ ಒಂದೇ ಪ್ರಶ್ನೆ ಸಾಕು. ಶುರುವಿನಲ್ಲಿ ಅಭ್ಯಾಸಕ್ಕೆ ಬಳಗಕ್ಕೊಂದು ಬಣ್ಣದ ಪೆನ್ನು ಬಳಸಿ ಬರೆದರೆ ಬೇಗ ಕಣ್ಣಿಗೆ ಹತ್ತುತ್ತದೆ.

ಬಳಗದ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಶುರುವಿನ 27 ಅಂಕಿಗಳಲ್ಲಿ 2-8 ಬಳಗದವು 4, 3-7ರವು 4, 4-6ರವು 4, ಐದು 2. ಎಲ್ಲ ಸರಿ ಸಂಖ್ಯೆ. ಆದರೆ 1 ಹನ್ನೊಂದು ಇವೆ, 9 ಎರಡು ಇವೆ. ಒಟ್ಟು 13, ಬೆಸ. ಎಷ್ಟೇ ಜಾಣತನದಿಂದ ಆಡಿದರೂ ಇದರಲ್ಲಿ ಒಂದು ಒಂಟಿಯಾಗಿ ಉಳಿಯಲೇಬೇಕು. ಹಾಗಾಗಿ ಒಮ್ಮೆಯಾದರೂ ಮತ್ತೆ ಬರೆಯದೆ ಈ ಬೋರ್ಡ್ ಖಾಲಿಯಾಗುವುದಿಲ್ಲ. ಬರೆದ ಮೇಲೆ ಉಳಿದದ್ದೆಲ್ಲ ಎರಡರಷ್ಟಾಗುತ್ತದೆ, ಪ್ರತಿ ಬಳಗವೂ ಸರಿ ಸಂಖ್ಯೆಗೆ ಬರುತ್ತದೆ. ಆಮೇಲೆ ಹೊಡೆಯುವುದು ಎರಡೆರಡೇ ಆದ್ದರಿಂದ ಕೊನೆಯವರೆಗೂ ಸರಿಯಾಗಿಯೇ ಇರುತ್ತದೆ. ಜೊತೆಯಿಲ್ಲದ ಅಂಕಿಯೊಂದು ಕೊನೆಗೆ ಉಳಿದುಬಿಡುತ್ತದೇನೋ ಅನ್ನುವ ಭಯ ಅಲ್ಲಿಂದ ಮುಂದೆ ಬೇಡ.

ಮೊದಲ ಸುತ್ತು, ಎರಡು ದಾರಿ

ಶುರುವಿನ ಬೋರ್ಡ್‌ನಲ್ಲಿ ಹೊಡೆಯಬಹುದಾದ ಜೋಡಿಗಳು ಎಂಟು. ಮೊದಲ ಸಾಲಿನ ಕೊನೆಯ 9 ಮತ್ತು ಎರಡನೇ ಸಾಲಿನ ಮೊದಲ 1. ಎರಡನೇ ಸಾಲಿನ ಮೊದಲ ಮೂರು 1ಗಳಲ್ಲಿ ಅಕ್ಕಪಕ್ಕದ ಎರಡು ಜೋಡಿ. 1ನೇ ಕಾಲಂನಲ್ಲಿ ಮೇಲಿನ ಎರಡು 1. 2ನೇ ಕಾಲಂನಲ್ಲಿ ಕೆಳಗಿನ ಎರಡು 1. ಕೊನೆಯ ಕಾಲಂನಲ್ಲಿ 9-1 ಮತ್ತು 1-9. ಮೂರನೇ ಸಾಲಿನ ಕೊನೆಯಲ್ಲಿ ಅಕ್ಕಪಕ್ಕದ 1 ಮತ್ತು 9. ಮುಂದೆ ಓದುವ ಮುನ್ನ ಈ ಎಂಟನ್ನೂ ನೀವೇ ಹುಡುಕಿ ನೋಡಿ.

ಈಗ ಒಂದು ದಾರಿ ಹಿಡಿಯೋಣ. 1ನೇ ಕಾಲಂನ ಎರಡು 1 ಹೊಡೆದೆವು. ಮೊದಲ ಸಾಲಿನ 9ಕ್ಕೆ ಈಗ ಎರಡನೇ ಸಾಲಿನ 2ನೇ ಮನೆಯ 1 ಎದುರಾಗುತ್ತದೆ, ಅದನ್ನೂ ಹೊಡೆದೆವು. ಕೊನೆಯ ಕಾಲಂನಲ್ಲಿ ಉಳಿದ 1-9 ಹೊಡೆದೆವು. ಮುಗಿಯಿತು, ಇನ್ನು ಒಂದು ಜೋಡಿಯೂ ಇಲ್ಲ. 21 ಅಂಕಿ ಉಳಿದವು.

ಇನ್ನೊಂದು ದಾರಿ. ಮೊದಲ ಸಾಲಿನ 9ನ್ನು ಎರಡನೇ ಸಾಲಿನ ಮೊದಲ 1ರ ಜೊತೆ ಹೊಡೆಯಿರಿ. ಅದರ ಪಕ್ಕದ ಎರಡು 1ಗಳನ್ನು ಒಂದಕ್ಕೊಂದು ಹೊಡೆಯಿರಿ. ಈಗ ಮೊದಲ ಸಾಲಿನ 8ರಿಂದ ಮುಂದೆ ಹೋದರೆ ನಾಲ್ಕು ಮನೆ ಖಾಲಿ, ಆಮೇಲೆ ಸಿಗುವುದು 2. ಎಂಟೂ ಎರಡೂ ಹತ್ತು! ಹೊಡೆಯಿರಿ. ಕೊನೆಯ ಕಾಲಂನ 1-9 ಕೂಡ ಹೊಡೆಯಿರಿ. ಈ ಸಲ ಉಳಿದದ್ದು 19.

ವ್ಯತ್ಯಾಸ ಎಲ್ಲಿ ಬಂತು? 8 ಮತ್ತು 2ರ ನಡುವೆ ಮೊದಲು ಇದ್ದದ್ದು 9, 1, 1, 1. ನಾಲ್ಕೂ ಒಂದೇ ಬಳಗ. ಅವುಗಳನ್ನು ತಮ್ಮತಮ್ಮಲ್ಲೇ ಹೊಡೆದರೆ ದಾರಿ ಪೂರ್ತಿ ತೆರೆಯುತ್ತದೆ. ಮೊದಲ ದಾರಿಯಲ್ಲಿ ಒಂದು 1ನ್ನು ಮೇಲಿನ ಸಾಲಿನ 1ಕ್ಕೆ ಕೊಟ್ಟೆವು. ಉಳಿದ ಮೂರರಲ್ಲಿ ಎರಡು ಹೋದವು, ಒಂದು 1 ಅಡ್ಡಗಲ್ಲಿನಂತೆ ನಿಂತುಬಿಟ್ಟಿತು. ಎರಡು ಅಂಕಿ ಹೆಚ್ಚು ಕಡಿಮೆ ಏನು ಮಹಾ ಅನ್ನಿಸಬಹುದು. ಆದರೆ ಮತ್ತೆ ಬರೆಯುವಾಗ 21 ಉಳಿದಿದ್ದರೆ 42 ಆಗುತ್ತದೆ, 19 ಉಳಿದಿದ್ದರೆ 38. ಮುಂದಿನ ಸುತ್ತಿನಲ್ಲಿ ಇದು ಇನ್ನೂ ಜಾಸ್ತಿಯಾಗುತ್ತಾ ಹೋಗುತ್ತದೆ.

ಬೋರ್ಡ್ ನೋಡುವ ರೀತಿ

ಹೊಸಬರ ಕಣ್ಣು ಕಾಲಂಗಳ ಮೇಲೆಯೇ ಇರುತ್ತದೆ, ಯಾಕೆಂದರೆ ಒಂದರ ಕೆಳಗೊಂದು ಇರುವುದು ಥಟ್ಟನೆ ಕಾಣುತ್ತದೆ. ಆದರೆ ಈ ಆಟದ ಬೆನ್ನುಮೂಳೆ ಇರುವುದು ಅಡ್ಡಕ್ಕೆ. ಸಾಲಿನ ಕೊನೆ ಮುಂದಿನ ಸಾಲಿನ ಶುರುವಿಗೆ ಅಂಟಿಕೊಂಡಿರುವುದರಿಂದ ಇಡೀ ಬೋರ್ಡ್ ಒಂದೇ ಉದ್ದ ಸರ. 9 ಮನೆಗೊಮ್ಮೆ ಅದನ್ನು ಮಡಿಸಿ ಇಟ್ಟಿದ್ದೇವೆ ಅಷ್ಟೇ. ಆದ್ದರಿಂದ ಮೊದಲು ಸರವನ್ನು ಶುರುವಿನಿಂದ ಕೊನೆಯವರೆಗೆ ಓದಿ. ಬಾಯಲ್ಲಿ ಗುನುಗಿಕೊಂಡು ಓದಿದರೂ ಸರಿ. ಆಮೇಲೆ ಕಾಲಂಗಳನ್ನು ಒಂದೊಂದಾಗಿ ಮೇಲಿನಿಂದ ಕೆಳಗೆ ನೋಡಿ.

ಪ್ರತಿ ಜೋಡಿ ಹೊಡೆದ ಮೇಲೆ ಇಡೀ ಬೋರ್ಡ್ ಮತ್ತೆ ಹುಡುಕುವುದು ಬೇಡ. ಒಂದು ಜೋಡಿ ತೆಗೆದರೆ ಹೊಸದಾಗಿ ಎದುರಾಗುವ ಅಂಕಿಗಳು ಹೆಚ್ಚೆಂದರೆ ಮೂರೇ ಕಡೆ. ಅಡ್ಡ ಜೋಡಿ ಹೊಡೆದರೆ ಸರದಲ್ಲಿ ಅದರ ಹಿಂದಿನದೂ ಮುಂದಿನದೂ ಎದುರಾಗುತ್ತವೆ. ಜೊತೆಗೆ ಆ ಎರಡು ಕಾಲಂಗಳಲ್ಲಿ ಮೇಲಿನದೂ ಕೆಳಗಿನದೂ ಎದುರಾಗುತ್ತವೆ. ಮೇಲೆ-ಕೆಳಗಿನ ಜೋಡಿಯಾದರೆ ಸರದಲ್ಲಿ ಎರಡು ಕಡೆ, ಕಾಲಂನಲ್ಲಿ ಒಂದು ಕಡೆ. ಈ ಮೂರನ್ನು ಮಾತ್ರ ನೋಡಿ.

ಅದೇ ಲೆಕ್ಕವನ್ನು ಹೊಡೆಯುವ ಮುಂಚೆ ಮಾಡಿದರೆ ನೀವು ಆಟಗಾರರಾದಿರಿ. ಒಂದು ಅಂಕಿಗೆ ಎರಡು ಕಡೆ ಜೊತೆ ಇದ್ದಾಗ ‘ಇದನ್ನು ತೆಗೆದರೆ ಯಾರಿಗೆ ಯಾರು ಎದುರಾಗುತ್ತಾರೆ, ಅದನ್ನು ತೆಗೆದರೆ ಯಾರು’ ಅಂತ ಮೂರು ಮೂರು ಜಾಗ ಹೋಲಿಸಿ ನೋಡಿ. ಹೊಸ ಜೋಡಿ ಹುಟ್ಟಿಸುವುದನ್ನು ಆರಿಸಿ. ಎರಡೂ ಕಡೆ ಏನೂ ಹುಟ್ಟದಿದ್ದರೆ, ಬೇರೆ ಯಾವ ದಾರಿಯೂ ಇಲ್ಲದ ಅಂಕಿಯನ್ನು ಮೊದಲು ತೆಗೆಯಿರಿ. ಎಲ್ಲೆಲ್ಲೂ ಜೊತೆ ಸಿಗುವ ಅಂಕಿ ಕಾಯಬಹುದು.

ಒಂಟಿ ಜೋಡಿಗಳಿಗೆ, ಅಂದರೆ ಒಂದಕ್ಕೊಂದು ಬಿಟ್ಟರೆ ಬೇರೆ ಯಾರ ಜೊತೆಗೂ ಸೇರದ ಜೋಡಿಗಳಿಗೆ, ಅವಸರ ಬೇಡ. ಯಾವಾಗ ಹೊಡೆದರೂ ಅವು ಅಲ್ಲೇ ಇರುತ್ತವೆ.

ಮತ್ತೆ ಬರೆಯುವುದು: ಆಟ ಗೆಲ್ಲುವುದೂ ಸೋಲುವುದೂ ಇಲ್ಲೇ

ಎರಡನೇ ದಾರಿಯಲ್ಲಿ ಉಳಿದ 19 ಅಂಕಿಗಳನ್ನು ಮತ್ತೆ ಬರೆದರೆ ಬೋರ್ಡ್ ಹೀಗಾಗುತ್ತದೆ. ಹೊಡೆದ ಮನೆಗೆ × ಹಾಕಿದ್ದೇನೆ.

1 2 3 4 5 6 7 × ×
× × × × 1 3 1 4 ×
5 1 6 1 7 1 8 1 ×
1 2 3 4 5 6 7 1 3
1 4 5 1 6 1 7 1 8
1

ಗಮನಿಸಿ, ಮೂರನೇ ಸಾಲಿನ ಕೊನೆಯ ಮನೆ ಹೊಡೆದದ್ದಾದರೂ ಅದರಲ್ಲಿ ಬರೆಯುವಂತಿಲ್ಲ. ಅದು ಬಳಸಿದ ಮನೆ. ಹೊಸ ಅಂಕಿಗಳು ಅದರ ಮುಂದಿನಿಂದ ಶುರು.

ಈಗ ಆರು ಜೋಡಿ ಸಿದ್ಧವಾಗಿವೆ. ಮೂರನೇ ಸಾಲಿನ ಕೊನೆಯ 1 ಮತ್ತು ನಾಲ್ಕನೇ ಸಾಲಿನ ಮೊದಲ 1 ಸರದಲ್ಲಿ ಎದುರಾಗಿವೆ. 1ನೇ ಕಾಲಂನ ಕೆಳಭಾಗದಲ್ಲಿ ಮೂರು 1 ಸಾಲಾಗಿ ನಿಂತಿವೆ. 7ನೇ ಕಾಲಂನಲ್ಲಿ 7ರ ಕೆಳಗೆ 7 ಇದೆ. 8ನೇ ಕಾಲಂನಲ್ಲಿಯೂ ಮೂರು 1 ಇವೆ. ಆ ಎರಡು 7 ಹೊಡೆದು ನೋಡಿ: ಐದನೇ ಸಾಲಿನಲ್ಲಿ ಅದರ ಎಡದ 1, ಬಲದ 1 ಎದುರಾಗುತ್ತವೆ. ಆದರೆ ಬಲದ 1ಕ್ಕೆ ಮೇಲೂ ಒಂದು ಜೊತೆ ಇದೆ. ಯಾರಿಗೆ ಕೊಡುತ್ತೀರಿ? ಇಲ್ಲಿಂದ ಮುಂದೆ ನೀವೇ ಆಡಿ.

ಬರೆಯುವಾಗ ಆಗುವ ದೊಡ್ಡ ಅನಾಹುತ ಅಂದರೆ ಒಂದು ಅಂಕಿ ಬಿಟ್ಟುಹೋಗುವುದು. ಆಗ ಮುಂದಿನದೆಲ್ಲ ಒಂದು ಮನೆ ಸರಿದು ಇಡೀ ಆಟವೇ ಕೆಡುತ್ತದೆ. ಬರೆಯುವ ಮುಂಚೆ ಉಳಿದದ್ದನ್ನು ಎಣಿಸಿ, ಬರೆದ ಮೇಲೆ ಹೊಸದನ್ನು ಎಣಿಸಿ. ಎರಡೂ ಒಂದೇ ಇರಬೇಕು.

ಯಾವಾಗ ಬರೆಯಬೇಕು? ಸಾಮಾನ್ಯವಾಗಿ, ಒಂದು ಜೋಡಿಯೂ ಉಳಿದಿಲ್ಲ ಅಂತ ಖಚಿತವಾದ ಮೇಲೆ ಮಾತ್ರ. ಇಲ್ಲೊಂದು ಸೂಕ್ಷ್ಮ ಇದೆ. ಬರೆದಾಗ ಸರದ ಕೊನೆಯ ಅಂಕಿಗೂ ಮೊದಲ ಅಂಕಿಯ ನಕಲಿಗೂ ನೇರ ಭೇಟಿ ಆಗುತ್ತದೆ. ಆದ್ದರಿಂದ ಉಳಿದವುಗಳಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಬಳಗವಾಗಿದ್ದರೆ ಒಂದು ಜೋಡಿ ಗ್ಯಾರಂಟಿ. ಮೇಲಿನ ಬೋರ್ಡ್‌ನಲ್ಲಿ ಆದದ್ದೂ ಅದೇ: ಮೊದಲನೆಯದು 1, ಕೊನೆಯದೂ 1.

ಇದನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗೋಣ. ಉಳಿದದ್ದು 3, 5, 7 ಮಾತ್ರ ಅಂತಿಟ್ಟುಕೊಳ್ಳಿ. ಬಳಗದ ಲೆಕ್ಕದಲ್ಲಿ ಇದನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ. ಮತ್ತೆ ಬರೆದರೆ ಸರ 3 5 7 3 5 7 ಆಗುತ್ತದೆ. ನಡುವಿನ 7-3 ಹೊಡೆಯಿರಿ, 5-5 ಎದುರಾಗುತ್ತವೆ. ಅವನ್ನು ಹೊಡೆದರೆ 3-7. ಬೋರ್ಡ್ ಖಾಲಿ! ಉಳಿದದ್ದು ಎಷ್ಟೇ ಇರಲಿ, ಎರಡೂ ಕಡೆಯಿಂದ ಒಂದೇ ತರಹ ಓದಿಸಿಕೊಂಡರೆ ಹೀಗೆ ನಡುವಿನಿಂದ ಬಿಚ್ಚಿಕೊಂಡು ಪೂರ್ತಿ ಹೋಗುತ್ತದೆ. ಕೊನೆಯ ಹತ್ತು ಹನ್ನೆರಡು ಅಂಕಿಗೆ ಬಂದಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿ ಆರಿಸಿ. ಆಟದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಭಾಗ ಇದು.

ಅಪರೂಪಕ್ಕೆ ಇನ್ನೊಂದು ಅದೃಷ್ಟ ಬರುತ್ತದೆ. ಉಳಿದದ್ದು ಸರಿಯಾಗಿ 9 ಅಂಕಿ, ಅವು ಸರದ ಕೊನೆಯಲ್ಲಿ ಬಿಡುವಿಲ್ಲದೆ ಒಂದರ ಪಕ್ಕ ಒಂದಿವೆ. ಆಗ ಸುಮ್ನೆ ಮತ್ತೆ ಬರೆಯಿರಿ. ಪ್ರತಿ ಅಂಕಿಯ ನಕಲೂ ಅದರ ಕೆಳಗೇ ಬೀಳುತ್ತದೆ.

ಎರಡೇ ಅಂಕಿ ಉಳಿದಾಗ

ಬೇರೆ ಬೇರೆ ಬಳಗದ ಎರಡು ಅಂಕಿ ಉಳಿದಿವೆ, ಉದಾಹರಣೆಗೆ 2 ಮತ್ತು 5. ಬರೆದರೆ ಸರ 2 5 2 5 ಆಗುತ್ತದೆ, ಅಡ್ಡಕ್ಕೆ ಒಂದೂ ಜೋಡಿಯಾಗುವುದಿಲ್ಲ. ಇಲ್ಲಿ ಕಾಲಂ ಕೈಹಿಡಿಯಬೇಕು. ಮುಂದಿನ ಖಾಲಿ ಮನೆ ಯಾವ ಕಾಲಂನಲ್ಲಿದೆ ನೋಡಿ. ಅದು 2 ಇರುವ ಕಾಲಂ ಆದರೆ ಎರಡು 2 ಮೇಲೆ-ಕೆಳಗೆ ಬರುತ್ತವೆ, ಅವು ಹೋದರೆ ಎರಡು 5 ಸರದಲ್ಲಿ ಎದುರಾಗುತ್ತವೆ. ಇಲ್ಲವೇ ಅದರ ಪಕ್ಕದ ಮನೆ 5ರ ಕಾಲಂನಲ್ಲಿದ್ದರೂ ಸಾಕು. 5 ಇರುವುದು 7ನೇ ಕಾಲಂ, ಮುಂದಿನ ಖಾಲಿ ಮನೆ 6ನೇ ಕಾಲಂನಲ್ಲಿ ಅಂದರೆ ಗೆದ್ದ ಹಾಗೆಯೇ.

ಎರಡೂ ಆಗದಿದ್ದರೆ ನಾಲ್ಕು ಅಂಕಿ ಎಂಟಾಗುತ್ತವೆ, ಆಟ ಮುಂದುವರಿಯುತ್ತದೆ. ಇದನ್ನು ಮೊದಲೇ ಊಹಿಸಿದರೆ, ಕೊನೆಯ ನಾಲ್ಕೈದು ಅಂಕಿ ಇರುವಾಗಲೇ ಯಾವ ಎರಡನ್ನು ಉಳಿಸಿಕೊಳ್ಳುವುದು ಲಾಭ ಅಂತ ಯೋಚಿಸಬಹುದು. ಒಂದು ಜೋಡಿಯನ್ನು ಬೇಕೆಂದೇ ಹೊಡೆಯದೆ ಬಿಟ್ಟು ಬರೆಯುವುದಕ್ಕೂ ಅರ್ಥ ಇರುವುದು ಇಲ್ಲಿ ಮಾತ್ರ. ಎರಡು ಅಂಕಿ ಜಾಸ್ತಿ ಬರೆದರೆ ನಕಲುಗಳು ಬೀಳುವ ಕಾಲಂ ಬದಲಾಗುತ್ತದೆ. ಶುರುವಿನಲ್ಲಿ ಈ ಸಾಹಸ ಬೇಡ.

ಮೊಬೈಲ್‌ನಲ್ಲಿ ಆಡುವಾಗ ಏನು ಬದಲಾಗುತ್ತದೆ

ಬಳಗ, ಸರ, ಮತ್ತೆ ಬರೆಯುವುದು ಎಲ್ಲವೂ ಅಲ್ಲೂ ಅದೇ. ಅಂಕಿಗಳು ಮಾತ್ರ ಕಲೆಸಿದ ಕ್ರಮದಲ್ಲಿ ಬರುತ್ತವೆ, ಬರೆಯುವ ಕೆಲಸವನ್ನು ಪ್ಲಸ್ ಬಟನ್ ಮಾಡುತ್ತದೆ. ಆದರೆ ಪ್ಲಸ್ ಎಷ್ಟು ಸಲ ಒತ್ತಬಹುದು ಅನ್ನುವುದಕ್ಕೆ ಬಹಳಷ್ಟು ಆ್ಯಪ್‌ಗಳಲ್ಲಿ ಮಿತಿ ಇರುತ್ತದೆ. ಹಾಳೆಯಲ್ಲಿ ಹಾಳೆ ಮುಗಿಯುವವರೆಗೂ ಬರೆಯಬಹುದು, ಇಲ್ಲಿ ಪ್ಲಸ್ ಮುಗಿದರೆ ಆಟವೂ ಮುಗಿಯಿತು. ಆದ್ದರಿಂದ ಒತ್ತುವ ಮುಂಚೆ ಸರವನ್ನು ಮತ್ತೊಮ್ಮೆ ಪೂರ್ತಿ ಓದಿ. ಜೋಡಿ ಉಳಿದಿದ್ದರೆ ಬಹಳ ಸಲ ಅದು ಸಾಲಿನ ಕೊನೆ ಮತ್ತು ಮುಂದಿನ ಸಾಲಿನ ಶುರುವಿನ ನಡುವೆ ಅಡಗಿರುತ್ತದೆ.

ದೊಡ್ಡ ವ್ಯತ್ಯಾಸ ಓರೆ ಜೋಡಿ. ಹಾಳೆಯ ಬೋರ್ಡ್‌ನಲ್ಲೇ ಓರೆ ಲೆಕ್ಕ ಹಿಡಿದರೆ ಮೊದಲ ಸಾಲಿನ 7ಕ್ಕೆ ಎರಡನೇ ಸಾಲಿನ 3 ಜೋಡಿ, ಆ 3ಕ್ಕೆ ಮೂರನೇ ಸಾಲಿನ 7 ಕೂಡ ಜೋಡಿ. ಒಂದು ಜೋಡಿ ತೆಗೆದಾಗ ನೋಡಬೇಕಾದ ಜಾಗಗಳು ಮೂರರಿಂದ ಏಳಕ್ಕೆ ಏರುತ್ತವೆ. ಆಟ ಸುಲಭವಾಗುತ್ತದೆ, ಕಣ್ಣಿಗೆ ಕೆಲಸ ಜಾಸ್ತಿಯಾಗುತ್ತದೆ. ಓರೆಯಲ್ಲಿ ಸರದ ಹಾಗೆ ಮಡಿಸುವುದಿಲ್ಲ, ಬೋರ್ಡ್‌ನ ಅಂಚಿಗೆ ಹೋದರೆ ಅಲ್ಲಿಗೆ ನಿಂತಿತು. ದೂರದ ಓರೆ ಜೋಡಿಗಳನ್ನು ಹುಡುಕಲು ಬೆರಳನ್ನೇ ಅಳತೆಕೋಲಿನಂತೆ ಪರದೆಯ ಮೇಲೆ ಓರೆಯಾಗಿ ಹಿಡಿದು ನೋಡಿ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಆ್ಯಪ್‌ನಲ್ಲಿ ಒಂದು ಸಾಲು ಪೂರ್ತಿ ಹೊಡೆದರೆ ಆ ಸಾಲು ಮಾಯವಾಗಿ ಕೆಳಗಿನದು ಮೇಲೆ ಬರುತ್ತದೆ. ಸರಕ್ಕೂ ಕಾಲಂಗೂ ಇದರಿಂದ ಏನೂ ಆಗುವುದಿಲ್ಲ. ಓರೆಗೆ ಮಾತ್ರ ಆಗುತ್ತದೆ. ಮೇಲಿನ ಮತ್ತು ಕೆಳಗಿನ ಭಾಗ ಒಂದು ಸಾಲು ಹತ್ತಿರ ಬಂದಾಗ ಅವುಗಳ ನಡುವಿನ ಹಳೆಯ ಓರೆ ಗೆರೆಗಳೆಲ್ಲ ತಪ್ಪಿ ಹೊಸವು ಹುಟ್ಟುತ್ತವೆ. ಹಾಗಾಗಿ ಸಾಲಿನ ಕೊನೆಯ ಜೋಡಿ ಹೊಡೆಯುವ ಮುಂಚೆ, ಆ ಸಾಲನ್ನು ದಾಟಿ ಹೋಗುವ ಓರೆ ಜೋಡಿ ಇದೆಯಾ ನೋಡಿ. ಇದ್ದರೆ ಅದನ್ನು ಮೊದಲು ಹೊಡೆಯಿರಿ. ಸಾಲು ಹೋದ ಮೇಲೆ ಆ ಗಡಿಯ ಆಚೀಚೆ ಹೊಸ ಓರೆ ಜೋಡಿ ಹುಡುಕಿ.

ಸುಳಿವಿನ ಬಟನ್ ಬಗ್ಗೆ ನನ್ನ ಅಭಿಪ್ರಾಯ ಒಂದಿಷ್ಟು ಖಾರವಾಗಿಯೇ ಇದೆ. ಅದು ಒಂದು ಜೋಡಿ ತೋರಿಸುತ್ತದೆ, ಒಳ್ಳೆಯ ಜೋಡಿಯನ್ನಲ್ಲ. ಎರಡು ಜೊತೆ ಇರುವ ಅಂಕಿಯನ್ನು ಯಾರಿಗೆ ಕೊಡಬೇಕು ಅಂತ ಅದು ಹೇಳುವುದಿಲ್ಲ. ಪ್ಲಸ್ ಒತ್ತುವ ಮುಂಚೆ ಏನಾದರೂ ಬಿಟ್ಟುಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳಲು ಬಳಸಿ, ಉಳಿದಂತೆ ಮುಟ್ಟಬೇಡಿ. ಹಿಂದಕ್ಕೆ ಹೋಗುವ ಬಟನ್ ಇದ್ದರೆ ಅದು ನಿಜಕ್ಕೂ ಉಪಯೋಗ: ಒಂದು ದಾರಿ ಆಡಿ ನೋಡಿ, ಹಿಂದೆ ಬಂದು ಇನ್ನೊಂದು ದಾರಿ ನೋಡಬಹುದು.

ಅಂಕದ ಲೆಕ್ಕ ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ದೂರದ ಜೋಡಿಗೆ, ಖಾಲಿಯಾದ ಸಾಲಿಗೆ ಹೆಚ್ಚು ಅಂಕ ಕೊಡುವವೂ ಇವೆ. ಅಂಕದ ಹಿಂದೆ ಬಿದ್ದರೆ ಆಡುವ ಕ್ರಮವೇ ಬೇರೆಯಾಗುತ್ತದೆ, ಬೋರ್ಡ್ ಖಾಲಿ ಮಾಡುವ ಆಟಕ್ಕೂ ಅದಕ್ಕೂ ಆಗಿಬರುವುದಿಲ್ಲ. ಎರಡರಲ್ಲಿ ಯಾವುದು ಬೇಕು ಅಂತ ಶುರುವಿನಲ್ಲೇ ನಿರ್ಧರಿಸಿ.

ಹಾಳೆಯಲ್ಲಿ ಆಡಿ ಕೈ ಕುದುರಿದ ಮೇಲೆ ಬೇರೆ ಶುರುವನ್ನೂ ಪ್ರಯತ್ನಿಸಬಹುದು. 27 ಅಂಕಿಗಳನ್ನು ಮನಸ್ಸಿಗೆ ಬಂದ ಹಾಗೆ ಬರೆದು ಆಡಿ, ಸೊನ್ನೆ ಮಾತ್ರ ಬೇಡ. ಆಡುವ ಮುಂಚೆ ಐದು ಬಳಗಗಳನ್ನು ಎಣಿಸಿಕೊಳ್ಳಿ. ಒಟ್ಟು 27 ಬೆಸ ಆದ್ದರಿಂದ ಒಂದು ಬಳಗವಾದರೂ ಬೆಸ ಇದ್ದೇ ಇರುತ್ತದೆ, ಅಂದರೆ ಒಮ್ಮೆ ಬರೆಯುವುದು ಇಲ್ಲೂ ತಪ್ಪದು. ಅದೇ 36 ಅಂಕಿ ಹಾಕಿ, ಪ್ರತಿ ಬಳಗವನ್ನೂ ಸರಿ ಸಂಖ್ಯೆಯಲ್ಲಿಟ್ಟರೆ, ಮತ್ತೆ ಬರೆಯದೆ ಒಂದೇ ಸುತ್ತಿನಲ್ಲಿ ಎಷ್ಟು ಹೊಡೆಯಬಹುದು ಅಂತ ಇಬ್ಬರು ಒಂದೇ ಬೋರ್ಡ್ ನಕಲು ಮಾಡಿಕೊಂಡು ಪಂದ್ಯ ಆಡಬಹುದು. ಕಡಿಮೆ ಅಂಕಿ ಉಳಿಸಿದವರು ಗೆದ್ದ ಹಾಗೆ.